ಮೆನಿಯರ್ ಕಾಯಿಲೆ ಮತ್ತು ಪರಿಸರ

ಮೆನಿಯರ್ ಕಾಯಿಲೆಯು ಒಳಗಿವಿಯನ್ನು ಬಾಧಿಸುವ ಒಂದು ದೀರ್ಘಕಾಲಿಕ ಕಾಯಿಲೆ. ಮರುಕಳಿಸುವ ತಲೆಸುತ್ತು, ಏರಿಳಿಯುವ ಕಿವುಡುತನ, ಕಿವಿಮೊರೆತ ಹಾಗೂ ಕಿವಿ ತುಂಬಿಕೊಂಡಂತೆ ಭಾಸವಾಗುವುದು ಇದರ ಪ್ರಮುಖ ಲಕ್ಷಣಗಳು. ಮೋಡ ಕವಿದಾಗ, ಸೆಕೆ ಹೆಚ್ಚಿದಾಗ ಅಥವಾ ಧೂಳೆದ್ದಾಗ ತೊಂದರೆ ಉಲ್ಬಣಿಸುತ್ತದೆಂದು ಅನೇಕ ರೋಗಿಗಳು ಹೇಳುವುದುಂಟು. ಬಿಸಿಲು ಮತ್ತು ಧೂಳಿಗೆ ಹೆಸರಾದ ಬಳ್ಳಾರಿ ಸೀಮೆಯಲ್ಲಿ ಈ ಮಾತನ್ನು ಪರಿಶೀಲಿಸುವುದು ಅಗತ್ಯ. ಏಕೆಂದರೆ ಬ್ರೂಸ್‌ಪೇಟೆಯಲ್ಲಾಗಲಿ, ಕುರುಗೋಡು, ಸಿರುಗುಪ್ಪಗಳಲ್ಲಾಗಲಿ, ತಲೆ ಸುತ್ತಿದರೆ ‘ಪಿತ್ತ ಏರಿದೆ’, ‘ಬಿಸಿಲು ಬಡಿದಿದೆ’ ಎಂದು ಸುಮ್ಮನಾಗುವವರೇ ಹೆಚ್ಚು. ಅಷ್ಟರಲ್ಲಿ ಶ್ರವಣಶಕ್ತಿ ಕುಂದುತ್ತಾ ಹೋಗಿರುತ್ತದೆ.

ಹಿನ್ನೆಲೆ

ಇಂತಹ ತಲೆಸುತ್ತು ಮಿದುಳಿಗೆ ರಕ್ತ ನುಗ್ಗುವುದರಿಂದ ಬರುತ್ತದೆಂದು ಯೂರೋಪಿನ ವೈದ್ಯರೂ ಒಂದು ಕಾಲದಲ್ಲಿ ನಂಬಿದ್ದರು. ಪ್ಯಾರಿಸ್ಸಿನ ಕಿವುಡರ ಸಂಸ್ಥೆಯಲ್ಲಿ ವೈದ್ಯರಾಗಿದ್ದ ಪ್ರಾಸ್ಪರ್ ಮೆನಿಯರ್ ಅವರು 1861ರಲ್ಲಿ ಇದರ ಮೂಲ ಒಳಗಿವಿಯಲ್ಲಿದೆ ಎಂದು ಪ್ರತಿಪಾದಿಸಿದರು. ಕಾಯಿಲೆಗೆ ಅವರ ಹೆಸರೇ ಉಳಿಯಿತು. 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್ ಹಾಗೂ ಜಪಾನಿನ ಯಮಕಾವಾ ಅವರು ಮೃತ ರೋಗಿಗಳ ಒಳಗಿವಿಯನ್ನು ಪರೀಕ್ಷಿಸಿ, ಎಂಡೋಲಿಂಫ್ ಎಂಬ ದ್ರವ ಹೆಚ್ಚಾಗಿ ಅದರ ಪೊರೆ ಉಬ್ಬಿರುವುದನ್ನು ಪ್ರತ್ಯೇಕವಾಗಿ ಗುರುತಿಸಿದರು. ಕೇಳುವಿಕೆ ಮತ್ತು ದೇಹದ ಸಮತೋಲನ ಎರಡೂ ಒಳಗಿವಿಗೆ ಸೇರಿದ ಕೆಲಸಗಳಾದುದರಿಂದ ಎರಡೂ ಒಟ್ಟಿಗೆ ಕೆಡುತ್ತವೆ. ದ್ರವ ಏಕೆ ಹೆಚ್ಚುತ್ತದೆಂಬುದು ಇಂದಿಗೂ ಪೂರ್ಣವಾಗಿ ತಿಳಿದಿಲ್ಲ.

ವಾಯುಭಾರ ಮತ್ತು ಹವಾಮಾನ

ಬ್ರಿಟನ್ನಿನಲ್ಲಿ 397 ರೋಗಿಗಳು ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿದ ಲಕ್ಷಣಗಳನ್ನು ಹವಾಮಾನದ ಅಂಕಿಅಂಶಗಳೊಡನೆ ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ವಾಯುಭಾರ ಕುಸಿದಾಗ ಲಕ್ಷಣಗಳು ಹೆಚ್ಚುವ ಸಂಭವವಿದೆ ಎಂಬುದು ಅದರ ಮುಖ್ಯ ನಿರ್ಣಯ. ರೋಗಿಗಳ ಅನುಭವ ಕೇವಲ ಕಲ್ಪನೆಯಲ್ಲ ಎಂಬುದಕ್ಕೆ ಇದು ಆಧಾರ.

ಆದರೆ ಈ ನಿರ್ಣಯವನ್ನು ಬಳ್ಳಾರಿಗೆ ನೇರವಾಗಿ ಅನ್ವಯಿಸಲಾಗದು. ಬ್ರಿಟನ್ನಿನಲ್ಲಿ ಬಿರುಗಾಳಿಗಳು ಹಾದುಹೋಗುವಾಗ ವಾಯುಭಾರ ಕೆಲವೇ ದಿನಗಳಲ್ಲಿ 30–40 ಹೆಕ್ಟೊಪಾಸ್ಕಲ್‌ಗಳಷ್ಟು ಏರಿಳಿಯಬಲ್ಲದು. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬಳ್ಳಾರಿಯಲ್ಲಿ ದಿನನಿತ್ಯದ ಏರಿಳಿತ ಕೆಲವೇ ಹೆಕ್ಟೊಪಾಸ್ಕಲ್‌ಗಳು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ದಿನಗಳಲ್ಲಿ ಸ್ವಲ್ಪ ಹೆಚ್ಚಿರಬಹುದು, ಅಷ್ಟೆ. ನಗರವು ಸಮುದ್ರಮಟ್ಟಕ್ಕಿಂತ 450 ಮೀಟರಿಗೂ ಎತ್ತರದಲ್ಲಿದೆ. ಆದುದರಿಂದ ಇಲ್ಲಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗುವವರು ಸುಮಾರು 50 ಹೆಕ್ಟೊಪಾಸ್ಕಲ್‌ಗಳ ವ್ಯತ್ಯಾಸವನ್ನು ಒಂದೇ ಪಯಣದಲ್ಲಿ ಕಾಣುತ್ತಾರೆ. ಊರಿನ ಹವೆಗಿಂತ ಪ್ರಯಾಣವನ್ನೇ ಗಮನಿಸುವುದು ಇಂತಹ ರೋಗಿಗಳಿಗೆ ಹೆಚ್ಚು ಉಪಯುಕ್ತವೆನ್ನಬಹುದು.

ಬೇಸಿಗೆ ಮತ್ತು ಉಪ್ಪು

ಬಳ್ಳಾರಿಯ ರೋಗಿಗಳ ನಿಜವಾದ ಇಕ್ಕಟ್ಟು ಬೇಸಿಗೆಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೆವರಿನಲ್ಲಿ ನೀರೂ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕೆಂದು ಮನೆಯವರು ಒತ್ತಾಯಿಸುತ್ತಾರೆ. ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿರುತ್ತಾರೆ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಕೊಟ್ಟಿರಬಹುದು. ಉಪ್ಪು ತಗ್ಗಿಸಿದರೆ ಗುಣವಾಗುತ್ತದೆಂಬುದಕ್ಕೆ ಬಲವಾದ ಪ್ರಯೋಗಾಧಾರ ಇಲ್ಲದಿದ್ದರೂ ಈ ಸಲಹೆ ಎಲ್ಲೆಡೆ ರೂಢಿಯಲ್ಲಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿ ಮಂಡಕ್ಕಿಗಳನ್ನು ಮಿತಗೊಳಿಸಿ ನೀರನ್ನು ಧಾರಾಳವಾಗಿ ಕುಡಿಯಬಹುದು. ಆದರೆ ಬಿಸಿಲಿನಲ್ಲಿ ದುಡಿಯುವವರು ಮಾತ್ರೆಯ ಪ್ರಮಾಣವನ್ನು ಬೇಸಿಗೆಗೆ ಮೊದಲೇ ವೈದ್ಯರಲ್ಲಿ ವಿಚಾರಿಸಬೇಕು. ನಿರ್ಜಲೀಕರಣದಿಂದ ಬರುವ ತಲೆಸುತ್ತು ಬೇರೆ, ಒಳಗಿವಿಯ ತಲೆಸುತ್ತು ಬೇರೆ. ಮೊದಲನೆಯದರಲ್ಲಿ ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟುತ್ತದೆ. ಎರಡನೆಯದರಲ್ಲಿ ಮಲಗಿದ್ದರೂ ಕೋಣೆಯೇ ಗಿರಗಿರನೆ ತಿರುಗುತ್ತದೆ.

ಮಾಲಿನ್ಯ

ಗಣಿಗಾರಿಕೆಯ ಕೆಂಧೂಳು, ಸ್ಪಾಂಜ್ ಐರನ್ ಕಾರ್ಖಾನೆಗಳು, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರ ಈ ಭಾಗದ ವಾಯುಮಾಲಿನ್ಯದ ಚರ್ಚೆಯಲ್ಲಿ ಸದಾ ಬರುವ ಹೆಸರುಗಳು. ಧೂಳಿನಿಂದ ಮೂಗು ಕಟ್ಟಿದರೆ ಮಧ್ಯಕಿವಿಯ ಒತ್ತಡವನ್ನು ಸರಿದೂಗಿಸುವ ಯುಸ್ಟೇಶಿಯನ್ ನಾಳ ಮುಚ್ಚಿಕೊಂಡು ಕಿವಿ ತುಂಬಿದಂತಾಗುತ್ತದೆ. ಇದನ್ನೇ ಮೆನಿಯರ್ ಎಂದು ತಪ್ಪಾಗಿ ತಿಳಿಯುವುದುಂಟು. ಮಲಿನ ಗಾಳಿಯೇ ಮೆನಿಯರ್ ಕಾಯಿಲೆಯನ್ನು ಉಂಟುಮಾಡುತ್ತದೆಂದು ಸಿದ್ಧವಾಗಿಲ್ಲ.

ಶಬ್ದದ ವಿಷಯ ಬೇರೆ. ಅಕ್ಕಿ ಗಿರಣಿ, ಜೀನ್ಸ್ ಹೊಲಿಗೆ ಘಟಕ, ಡಿಜೆ ಮೆರವಣಿಗೆಗಳ ಸದ್ದು ಈ ಕಾಯಿಲೆಗೆ ಕಾರಣವೆಂದು ಹೇಳಲಾಗದಿದ್ದರೂ, ಮೊದಲೇ ಕುಂದಿರುವ ಶ್ರವಣಶಕ್ತಿಗೆ ಅತಿಯಾದ ಶಬ್ದ ಮತ್ತಷ್ಟು ಹಾನಿ ಮಾಡಬಲ್ಲದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ವಿಧಿಸಿವೆ. ಹಬ್ಬದ ದಿನಗಳಲ್ಲಿ ಈ ಮಿತಿಯನ್ನು ಯಾರು ಎಷ್ಟು ಪಾಲಿಸುತ್ತಾರೆಂಬುದು ಓದುಗರಿಗೆ ತಿಳಿದದ್ದೇ.

ರೋಗನಿರ್ಣಯ

2015ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ಮಾನದಂಡದಂತೆ, 20 ನಿಮಿಷಗಳಿಂದ 12 ಗಂಟೆಗಳವರೆಗಿನ ತಲೆಸುತ್ತು ಕನಿಷ್ಠ ಎರಡು ಬಾರಿ ಬಂದಿರಬೇಕು, ಶ್ರವಣ ಪರೀಕ್ಷೆಯಲ್ಲಿ ಕೆಳ ಅಥವಾ ಮಧ್ಯಮ ಆವರ್ತನದ ಸ್ವರಗಳಿಗೆ ಕಿವುಡು ಕಾಣಬೇಕು, ಬೇರೆ ಕಾರಣಗಳಿರಬಾರದು. ತಲೆಸುತ್ತಿನ ದಿನ, ಅವಧಿ, ಆ ದಿನದ ಹವೆ, ಊಟ, ನಿದ್ರೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರೆ ವೈದ್ಯರಿಗೆ ಸಹಾಯವಾಗುತ್ತದೆ. ಮಾತು ತೊದಲುವುದು, ಕೈಕಾಲು ಸೋಲುವುದು, ಮುಖ ಸೊಟ್ಟಗಾಗುವುದು ಜೊತೆಗಿದ್ದರೆ ಅದು ಪಾರ್ಶ್ವವಾಯು ಆಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಗೆ ವಿಶೇಷ ಸೌಲಭ್ಯಗಳಿವೆ.