ಎಸಿ ಹಾಕಿದ್ರೆ ‘ಟಕ್ ಟಕ್’: ತಪ್ಪು ಗ್ಯಾಸ್‌ದಾ, ಗೇರ್‌ದಾ?

ಇವತ್ತಿನ ಸಂಚಿಕೆ ಒಂದು ಸಣ್ಣ ಸದ್ದಿನ ಬಗ್ಗೆ.

ಮಿಡಿಗೇಶಿಯಿಂದ ಮಧುಗಿರಿ ಕಡೆಗೆ ಕಾರಲ್ಲಿ ಹೊರಟಿದ್ದೀರಿ ಅಂದ್ಕೊಳ್ಳಿ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಸುತ್ತಲಿನ ಬಂಡೆ ಗುಡ್ಡಗಳು ಕಾದ ಹಂಚಿನ ಥರ ಕಾವು ಬಿಡ್ತಿವೆ. ಎಸಿ ಆನ್ ಮಾಡ್ತೀರಿ. ಡ್ಯಾಶ್‌ಬೋರ್ಡ್ ಒಳಗಿಂದ ‘ಟಕ್... ಟಕ್... ಟಕ್’. ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತೆ, ಆದ್ರೆ ಗಾಳಿ ತಣ್ಣಗಾಗಲ್ಲ.

ಗ್ಯಾರೇಜಿಗೆ ಹೋಗಿ ‘ಎಸಿ ಕೂಲ್ ಆಗ್ತಿಲ್ಲ’ ಅಂತ ಅಷ್ಟೇ ಹೇಳಿದ್ರೆ ಬಹುಪಾಲು ಸಿಗೋ ಉತ್ತರ ಒಂದೇ: ‘ಗ್ಯಾಸ್ ಕಮ್ಮಿ ಆಗಿದೆ.’ ತುಂಬಿಸ್ತೀರಿ, ದುಡ್ಡು ಕೊಡ್ತೀರಿ, ವಾಪಸ್ ಬರೋವಾಗ ಮತ್ತೆ ‘ಟಕ್ ಟಕ್’. ಯಾಕೆಂದ್ರೆ ತೊಂದರೆ ಗ್ಯಾಸಿನಲ್ಲಿ ಇರಲೇ ಇಲ್ಲ. ಆ ಸದ್ದು ಅದನ್ನೇ ಹೇಳ್ತಿತ್ತು.

ಇದನ್ನು ಪತ್ತೆ ಮಾಡೋಕೆ ಸ್ಪ್ಯಾನರ್ ಬೇಡ, ಕಿವಿ ಸಾಕು. ಗಾಡಿಯನ್ನು ಸದ್ದಿಲ್ಲದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ, ಕೀ ಮಾತ್ರ ಆನ್ ಮಾಡಿ. ಪುಷ್ ಬಟನ್ ಗಾಡಿಯಾದ್ರೆ ಬ್ರೇಕ್, ಕ್ಲಚ್ ಯಾವುದನ್ನೂ ತುಳಿಯದೆ ಬಟನ್ ಒತ್ತಿ. ಫ್ಯಾನ್ ಆಫ್ ಇರಲಿ. ಈಗ ಟೆಂಪರೇಚರನ್ನು ಪೂರ್ತಿ ತಣ್ಣಗಿನಿಂದ ಪೂರ್ತಿ ಬಿಸಿಗೆ, ಮತ್ತೆ ತಣ್ಣಗಿಗೆ ತನ್ನಿ. ಆಮೇಲೆ ಗಾಳಿ ಮುಖಕ್ಕೆ, ಕಾಲಿಗೆ, ಗಾಜಿಗೆ ಅಂತ ಬದಲಾಯಿಸ್ತಾ ಹೋಗಿ. ಫ್ಯಾನ್ ಆಫ್ ಇದ್ರೆ ಕೆಲವು ಗಾಡಿಗಳಲ್ಲಿ ಈ ಬಟನ್‌ಗಳು ಕೆಲಸ ಮಾಡಲ್ಲ. ಅಂಥಲ್ಲಿ ಫ್ಯಾನ್ ಒಂದನೇ ಸ್ಪೀಡಲ್ಲಿ ಇಟ್ಕೊಳ್ಳಿ. ಎಂಜಿನ್ ಓಡ್ತಿಲ್ಲ, ಅಂದ್ರೆ ಕಂಪ್ರೆಸರ್ ಕೂಡ ಓಡ್ತಿಲ್ಲ. ಆದ್ರೂ ಬಟನ್ ಒತ್ತಿದಾಗಲೆಲ್ಲ ‘ಟಕ್ ಟಕ್’ ಬಂದ್ರೆ, ಬಹುಮಟ್ಟಿಗೆ ಅದು ಆಕ್ಚುಯೇಟರ್.

ಏನಪ್ಪಾ ಇದು ಆಕ್ಚುಯೇಟರ್? ಡ್ಯಾಶ್‌ಬೋರ್ಡ್ ಹಿಂದೆ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತೆ. ಅದರೊಳಗೆ ತಣ್ಣಗಿನ ಕಾಯಿಲ್ ಒಂದು, ಬಿಸಿ ಕಾಯಿಲ್ ಒಂದು. ‘ನಮ್ಮೂರಲ್ಲಿ ಹೀಟರ್ ಯಾರ್ ಹಾಕ್ತಾರೆ?’ ಅಂತ ಕೇಳಬಹುದು. ನೀವು ಹಾಕದಿದ್ರೂ ಹೆಚ್ಚಿನ ಕಾರುಗಳಲ್ಲಿ ಎಂಜಿನ್ನಿನ ಬಿಸಿ ಕೂಲೆಂಟ್ ಆ ಕಾಯಿಲ್‌ನಲ್ಲಿ ಸದಾ ಹರೀತಾನೇ ಇರುತ್ತೆ. ಗಾಳಿ ಅದರ ಮೇಲೆ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಒಂದು ಪುಟ್ಟ ಕದ. ಆ ಕದ ತಿರುಗಿಸೋ ಅಂಗೈಯಗಲದ ಮೋಟರೇ ಆಕ್ಚುಯೇಟರ್. ಅದರೊಳಗಿನ ಗೇರ್‌ಗಳೆಲ್ಲ ಪ್ಲಾಸ್ಟಿಕ್. ಒಂದು ಹಲ್ಲು ಮುರಿದ್ರೆ ಗೇರ್ ಜಾರುತ್ತೆ, ಮತ್ತೆ ಕಚ್ಚುತ್ತೆ, ಮತ್ತೆ ಜಾರುತ್ತೆ. ನಿಮಗೆ ಕೇಳಿಸೋದು ಅದೇ. ಗಾಡಿಯ ಕಂಪ್ಯೂಟರ್ ಸ್ವಲ್ಪ ಹೊತ್ತು ಪ್ರಯತ್ನಪಟ್ಟು ಸುಮ್ಮನಾಗುತ್ತೆ, ಸದ್ದೂ ನಿಲ್ಲುತ್ತೆ. ಕದ ಬಿಸಿ ಕಡೆಗೆ ಸಿಕ್ಕಿಕೊಂಡಿದ್ರೆ, ಗ್ಯಾಸ್ ಎಷ್ಟೇ ತುಂಬಿಸಿ, ತಣ್ಣಗಾದ ಗಾಳಿ ಮತ್ತೆ ಬಿಸಿಯಾಗಿಯೇ ಮುಖಕ್ಕೆ ಬರೋದು.

ಇಲ್ಲಿ ಒಂದು ಮಾತು ನೆನಪಿರಲಿ. ತಿರುಗಿಸೋ ನಾಬ್ ಇರುವ ಹಳೇ, ಕಡಿಮೆ ಬೆಲೆಯ ಕಾರುಗಳಲ್ಲಿ ಈ ಕದ ತಿರುಗೋದು ಹೆಚ್ಚಾಗಿ ಕೇಬಲ್‌ನಿಂದ. ನಾಬ್ ತಿರುಗಿಸಿದಾಗ ಕೈಗೆ ಬಿಗಿ ಗೊತ್ತಾಗುತ್ತೆ. ಅಂಥ ಗಾಡಿಗೆ ‘ಟೆಂಪರೇಚರ್ ಮೋಟರ್ ಹೋಗಿದೆ’ ಅಂದ್ರೆ, ‘ಎಲ್ಲಿದೆ, ತೋರಿಸಿ’ ಅಂತ ಕೇಳಿ. ಹೊರಗಿನ ಗಾಳಿ–ಒಳಗಿನ ಗಾಳಿ ಬದಲಿಸೋಕೆ ಎಲೆಕ್ಟ್ರಿಕ್ ಬಟನ್ ಇದ್ರೆ, ಅದಕ್ಕೊಂದು ಮೋಟರ್ ಇರಬಹುದು, ಅಷ್ಟೇ.

ಆಕ್ಚುಯೇಟರ್ ಬದಲಾಯಿಸೋ ಮುಂಚೆ ಕದವನ್ನು ಕೈಯಲ್ಲಿ ತಿರುಗಿಸಿ ನೋಡೋಕೆ ಹೇಳಿ. ಡ್ಯಾಶ್‌ಬೋರ್ಡ್ ಸಂದಿಯಿಂದ ಬಿದ್ದ ಪೆನ್ನೋ ನಾಣ್ಯವೋ ಕದಕ್ಕೆ ಅಡ್ಡ ಸಿಕ್ಕಿಕೊಂಡಿದ್ರೆ ಹೊಸ ಮೋಟರಿನ ಹಲ್ಲೂ ಮುರಿಯುತ್ತೆ. ಕೆಲವು ಮಾಡೆಲ್‌ಗಳಲ್ಲಿ ಹೊಸದು ಹಾಕಿದ ಮೇಲೆ ಅದರ ಎರಡು ತುದಿಗಳನ್ನು ಕಂಪ್ಯೂಟರಿಗೆ ಕಲಿಸಬೇಕು, ಕ್ಯಾಲಿಬ್ರೇಶನ್ ಅಂತಾರಲ್ಲ, ಅದು. ಅದನ್ನು ಬಿಟ್ರೆ ಹೊಸದೂ ಟಕ್ ಅನ್ನಬಹುದು. ಇನ್ನೊಂದು ವಿಷಯ, ಡ್ಯಾಶ್‌ಬೋರ್ಡ್‌ನಲ್ಲಿ ಏರ್‌ಬ್ಯಾಗ್ ಇರುತ್ತೆ. ಯೂಟ್ಯೂಬ್ ನೋಡ್ಕೊಂಡು ನೀವೇ ಬಿಚ್ಚೋಕೆ ಹೋಗಬೇಡಿ.

ಸರಿ, ಕದ ತಿರುಗಿಸಿದಾಗ ಸದ್ದು ಬರಲಿಲ್ಲ. ಈಗ ಫ್ಯಾನನ್ನು ಒಂದು, ಎರಡು, ಮೂರು ಅಂತ ಏರಿಸಿ. ಫ್ಯಾನ್ ಜೋರಾದ ಹಾಗೆ ಟಕಟಕ ಕೂಡ ಜೋರಾದ್ರೆ ಬ್ಲೋವರ್‌ಗೆ ಏನೋ ತಾಗ್ತಿದೆ. ಹೊಂಗೆ ಮರದ ಕೆಳಗೆ, ಹುಣಸೆ ತೋಪಿನಲ್ಲಿ ಗಾಡಿ ನಿಲ್ಲಿಸೋದು ನಮ್ಮ ಕಡೆ ಮಾಮೂಲು, ನೆರಳು ಬೇಕಲ್ಲ. ಮುಂದಿನ ಗಾಜಿನ ಬುಡದಲ್ಲಿರೋ ಜಾಲರಿಯಿಂದ ಎಲೆ, ಕಡ್ಡಿ ಒಳಗೆ ಸೇರುತ್ತೆ. ಕಡಲೆಕಾಯಿ ಮೂಟೆ ಇರುವ ಮನೆಯ ಪಕ್ಕ ನಿಂತ ಗಾಡಿಗೆ ಇಲಿ ಹೊಕ್ಕು ಗೂಡು ಕಟ್ಟೋದೂ ಉಂಟು. ಧೂಳಿಗೆ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಳ್ತು ಅಂತ ಅದನ್ನು ತೆಗೆದು ಹಾಗೇ ಓಡಿಸ್ತಾರಲ್ಲ, ಅವರಿಗೆ ಈ ತೊಂದರೆ ಇನ್ನೂ ಬೇಗ. ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಸಿಗುತ್ತೆ, ಇದನ್ನು ನೀವೇ ನೋಡಬಹುದು.

ಕೊನೆಗೆ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಾನೆಟ್ ಕಡೆ ಕಿವಿ ಕೊಡಿ. ಕ್ಲಚ್ ಇರುವ ಕಂಪ್ರೆಸರ್ ಆದ್ರೆ ‘ಟಪ್’ ಅಂತ ಕಚ್ಚುತ್ತೆ, ಆಗಾಗ ಬಿಡುತ್ತೆ. ಅದು ಸಹಜ. ಕೆಲವೇ ಸೆಕೆಂಡಿಗೊಮ್ಮೆ ‘ಟಪ್–ಟಪ್’ ಅಂತಿದ್ರೆ, ಹಾಂ, ಆಗ ಗ್ಯಾಸ್ ಮೇಲೆ ಅನುಮಾನಪಡಿ. ಒತ್ತಡ ಇಳಿದಾಗ ಸ್ವಿಚ್ ಅದನ್ನು ಆಫ್ ಮಾಡುತ್ತೆ, ಏರಿದಾಗ ಆನ್ ಮಾಡುತ್ತೆ. ಆದ್ರೆ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗೋದಲ್ಲ. ತುಂಬಾ ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರಿದೆ. ಲೀಕ್ ಟೆಸ್ಟ್ ಮಾಡದೆ ತುಂಬಿಸೋದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಎಂಜಿನ್ ಓಡುವಾಗ ಬಾನೆಟ್ ಒಳಗೆ ಕೈ ಹಾಕಬೇಡಿ, ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತೆ.

ಗಾಡಿ ಆಫ್ ಮಾಡಿದ ಮೇಲೆ ಬರೋ ‘ಟಿಕ್ ಟಿಕ್’ಗೆ ತಲೆ ಕೆಡಿಸ್ಕೊಳ್ಳಬೇಡಿ. ಕಾದ ಸೈಲೆನ್ಸರ್ ತಣ್ಣಗಾಗ್ತಾ ಕುಗ್ಗೋ ಸದ್ದು ಅದು.

ಶಿರಾ ಹೈವೇಯಲ್ಲಿ ಓಡುವ ಲಾರಿ ಡ್ರೈವರ್‌ಗಳಿಗೂ ಇದು ಬೇಕಾಗೋ ಮಾತೇ. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಕೇಂದ್ರ ಸರ್ಕಾರ ಎಸಿ ಕಡ್ಡಾಯ ಮಾಡಿದೆ.

ತಕ್ಷಣ ರಿಪೇರಿ ಆಗಲ್ಲ ಅಂದ್ರೆ, ಗಾಳಿ ತಣ್ಣಗೆ ಬರೋ ಒಂದು ಜಾಗಕ್ಕೆ ಸೆಟ್ ಮಾಡಿ ಮತ್ತೆ ಮುಟ್ಟಬೇಡಿ. ಮಳೆಗಾಲ ಬರೋದರೊಳಗೆ ಮಾತ್ರ ಸರಿ ಮಾಡಿಸಿ. ಗಾಳಿಯನ್ನು ಗಾಜಿಗೆ ಕಳಿಸೋ ಕದವೇ ಕೈಕೊಟ್ರೆ ಮುಂದಿನ ಗಾಜಿನ ಮಂಜು ಹೋಗಲ್ಲ, ರಾತ್ರಿ ಎದುರಿನ ಗಾಡಿ ಕಾಣಲ್ಲ. ಅಲ್ಲೀವರೆಗೆ ಸದ್ದನ್ನು ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ: ಗ್ಲೋವ್ ಬಾಕ್ಸ್ ಹತ್ತಿರ ಒಂದು, ಡ್ರೈವರ್ ಕಾಲಿನ ಹತ್ತಿರ ಒಂದು. ಯಾವ ಬಟನ್ ಒತ್ತಿದಾಗ ಸದ್ದು ಬಂತು ಅಂತ ರೆಕಾರ್ಡಿಂಗ್‌ನಲ್ಲೇ ಬಾಯಲ್ಲಿ ಹೇಳಿ. ಗ್ಯಾರೇಜಿನಲ್ಲಿ ಗಾಡಿ ಬಿಡೋ ಮುಂಚೆ ಮೊದಲು ಅದನ್ನೇ ಕೇಳಿಸಿ.