ಸ್ಯಾಂಡರ್ ಧೂಳು: ಬಟ್ಟೆ ಚೀಲ ಸಾಲದು, ವ್ಯಾಕ್ಯೂಮ್ ಜೋಡಿಸಿ

ಮರಗೆಲಸದ ಅಂಗಡಿಯಲ್ಲಿ ಸ್ಯಾಂಡರ್ ಶುರುವಾದರೆ ಸಾಕು, ಪಕ್ಕದ ಬೇಕರಿಯವರು ಗಾಜಿನ ಬಾಗಿಲು ಮುಚ್ಚುತ್ತಾರೆ, ಎದುರಿನ ಟೈಲರ್ ಬಟ್ಟೆ ಒಳಗಿಡುತ್ತಾರೆ. ಬಾಗಿಲು, ಮಂಚ ಉಜ್ಜುವ ಕೆಲಸ ಇಡೀ ಬೀದಿಗೆ ಗೊತ್ತಾಗುತ್ತದೆ. ಆದರೆ ಹೆಚ್ಚು ತೊಂದರೆ ಕೊಡೋದು ಕಣ್ಣಿಗೆ ಕಾಣುವ ಹೊಟ್ಟಲ್ಲ, ಕಾಣದ ಸಣ್ಣ ಧೂಳು.

ದಪ್ಪ ಪುಡಿ ಬೇಗ ನೆಲಕ್ಕೆ ಬೀಳುತ್ತದೆ. 10 ಮೈಕ್ರಾನ್‌ಗಿಂತ ಸಣ್ಣ ಕಣಗಳು ಬಹಳ ಹೊತ್ತು ಗಾಳಿಯಲ್ಲೇ ತೇಲುತ್ತವೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಈ ಕಣ ಎಷ್ಟು ಚಿಕ್ಕದು ಅಂತ ಲೆಕ್ಕ ಹಾಕಬಹುದು. ಕೆಮ್ಮು, ಉಬ್ಬಸ, ಮೂಗು ಕಟ್ಟುವುದು ಇದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ದಿನಾ ಅದೇ ಗಾಳಿಯಲ್ಲಿ ನಿಲ್ಲುವ ಆಚಾರಿಗೂ, ಕೆಲಸ ಕಲಿಯಲು ಬಂದ ಹುಡುಗನಿಗೂ ಇದು ಸಣ್ಣ ವಿಷಯವಲ್ಲ.

ಚೀಲ ಯಾಕೆ ಸಾಲದು?

ಸ್ಯಾಂಡರ್ ಜೊತೆ ಬರುವ ಬಟ್ಟೆ ಚೀಲ ದಪ್ಪ ಪುಡಿಯನ್ನು ಹಿಡಿಯುತ್ತದೆ, ಸಣ್ಣದನ್ನು ಹೊರಗೆ ಬಿಡುತ್ತದೆ. ಚೀಲ ತೆಗೆದು ಅದೇ ಬಾಯಿಗೆ ವ್ಯಾಕ್ಯೂಮ್ ಪೈಪ್ ಜೋಡಿಸಿದರೆ ಧೂಳು ಹುಟ್ಟಿದ ಜಾಗದಲ್ಲೇ ಎಳೆದುಕೊಳ್ಳುತ್ತದೆ. ಪೈಪ್ ಅಳತೆ ಹೊಂದದಿದ್ದರೆ ರಬ್ಬರ್ ಅಡಾಪ್ಟರ್ ಹಾಕಬಹುದು. ಸಂದು ಉಳಿದರೆ ಎಳೆತ ಕಡಿಮೆಯಾಗುತ್ತದೆ.

ಗಮನಿಸಬೇಕಾದ್ದು

- ಉಪ್ಪು ಕಾಗದದ ತೂತುಗಳು ಸ್ಯಾಂಡರ್ ಪ್ಯಾಡಿನ ತೂತುಗಳಿಗೆ ಸರಿಯಾಗಿ ಕೂರಬೇಕು. ತೂತಿಲ್ಲದ ಕಾಗದ ಹಾಕಿದರೆ ವ್ಯಾಕ್ಯೂಮ್ ಇದ್ದೂ ಇಲ್ಲದಂತೆ.
- ಮೊದಲು ವ್ಯಾಕ್ಯೂಮ್, ಆಮೇಲೆ ಸ್ಯಾಂಡರ್ ಆನ್ ಮಾಡಿ. ನಿಲ್ಲಿಸುವಾಗ ಸ್ಯಾಂಡರ್ ಮೊದಲು, ಕೆಲವು ಸೆಕೆಂಡ್ ಬಿಟ್ಟು ವ್ಯಾಕ್ಯೂಮ್.
- ಎಳೆತ ಅತಿಯಾದರೆ ಸ್ಯಾಂಡರ್ ಮರಕ್ಕೆ ಅಂಟಿಕೊಂಡು ಸುಳಿ ಗೆರೆ ಬೀಳುತ್ತದೆ. ಆಗ ಎಳೆತ ಸ್ವಲ್ಪ ತಗ್ಗಿಸಿ.
- ವ್ಯಾಕ್ಯೂಮ್ ಒಳಗೆ ಚೀಲವೂ, ಹೆಪಾ ಫಿಲ್ಟರೂ ಇರಲಿ. ಇಲ್ಲದಿದ್ದರೆ ಸಣ್ಣ ಧೂಳು ಹಿಂದಿನಿಂದ ಮತ್ತೆ ಅಂಗಡಿಗೇ ಬರುತ್ತದೆ.
- ಗೋಡೆ ಪುಟ್ಟಿ ಉಜ್ಜುವಾಗ ಫಿಲ್ಟರ್ ಬಹಳ ಬೇಗ ಕಟ್ಟುತ್ತದೆ. ನಡುವೆ ಸೈಕ್ಲೋನ್ ಮುಚ್ಚಳದ ಬಕೆಟ್ ಇಟ್ಟರೆ ಹೆಚ್ಚಿನ ಧೂಳು ಬಕೆಟ್‌ನಲ್ಲೇ ಉಳಿಯುತ್ತದೆ.
- ಫಿಲ್ಟರ್ ಅನ್ನು ಅಂಗಡಿಯೊಳಗೆ ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಿಡಿದಿಟ್ಟ ಧೂಳೆಲ್ಲ ಮತ್ತೆ ಮೇಲೇಳುತ್ತದೆ.

ಬೆಂಕಿಯ ಎಚ್ಚರ

ಮರದ ಪುಡಿ ತುಂಬಿದ ವ್ಯಾಕ್ಯೂಮ್‌ಗೆ ಕಬ್ಬಿಣ ಉಜ್ಜುವ ಗ್ರೈಂಡರ್ ಜೋಡಿಸಲೇಬಾರದು. ಒಂದು ಕಿಡಿ ಒಳಗೆ ಹೋದರೂ ಪುಡಿ ಹೊಗೆಯಾಡುತ್ತಾ ಕೂತು, ಅಂಗಡಿ ಮುಚ್ಚಿದ ಮೇಲೆ ಹೊತ್ತಿಕೊಳ್ಳಬಹುದು. ಹಳೆಯ ಪಾಲಿಶ್, ವಾರ್ನಿಷ್ ಉಜ್ಜಿದ ಪುಡಿಯನ್ನು ಸಂಜೆಯೇ ಖಾಲಿ ಮಾಡಿ, ಅಂಗಡಿಯಿಂದ ಹೊರಗಿಡುವುದು ಒಳ್ಳೆಯದು.

ವ್ಯಾಕ್ಯೂಮ್ ಇದ್ದರೂ ಅಷ್ಟಿಷ್ಟು ಧೂಳು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಎನ್95 ಮಾಸ್ಕ್ ಬೇಕೇ ಬೇಕು. ಕರ್ಚೀಫ್ ಕಟ್ಟಿಕೊಂಡರೆ ಸಣ್ಣ ಕಣ ನಿಲ್ಲೋದಿಲ್ಲ.

ವ್ಯಾಕ್ಯೂಮ್ ಖರ್ಚು ದಂಡ ಅನ್ನುವವರಿಗೆ ಇನ್ನೊಂದು ಲೆಕ್ಕವಿದೆ. ಧೂಳು ಕಟ್ಟದಿದ್ದರೆ ಉಪ್ಪು ಕಾಗದ ಹೆಚ್ಚು ದಿನ ಬಾಳುತ್ತದೆ. ಹಸಿ ಪಾಲಿಶ್ ಮೇಲೆ ಪುಡಿ ಕೂತು ಮತ್ತೆ ಉಜ್ಜುವ ಕೆಲಸ ತಪ್ಪುತ್ತದೆ. ಪಕ್ಕದ ಅಂಗಡಿಯವರ ಜೊತೆ ದಿನಾ ಜಗಳವೂ ಇರೋದಿಲ್ಲ.