ನೆಲಮಾಳಿಗೆಯ ನೀರು ಮತ್ತು ವಿದ್ಯುತ್ ಪಂಪು

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹರಿದು ಹೈದರಾಬಾದಿನಲ್ಲಿ ಸಹಸ್ರಾರು ಜನರು ಪ್ರಾಣ ಕಳೆದುಕೊಂಡರು. ತರುವಾಯ ಎಂ. ವಿಶ್ವೇಶ್ವರಯ್ಯನವರು ಸಲಹೆ ಮಾಡಿದ ಯೋಜನೆಯ ಫಲವಾಗಿ ಉಸ್ಮಾನ್ ಸಾಗರ (1920) ಹಾಗೂ ಹಿಮಾಯತ್ ಸಾಗರ (1927) ಜಲಾಶಯಗಳು ನಿರ್ಮಾಣಗೊಂಡವು. ನದಿಯ ನೆರೆಯನ್ನು ಇವು ತಡೆಯಬಲ್ಲವು. ನಗರದ ಮೇಲೆಯೇ ಸುರಿಯುವ ಮಳೆಯನ್ನಲ್ಲ. 2020ರ ಅಕ್ಟೋಬರ್ ತಿಂಗಳ ಮಳೆಯಲ್ಲಿ ಮೆಹದಿಪಟ್ಟಣಂ ಸಮೀಪದ ಟೋಲಿಚೌಕಿಯ ನದೀಮ್ ಕಾಲೊನಿ ಜಲಾವೃತವಾಗಿತ್ತು. ಇಂತಹ ಪ್ರದೇಶಗಳಲ್ಲಿ ಮೊದಲು ತುಂಬುವುದು ವಸತಿ ಸಮುಚ್ಚಯಗಳ ನೆಲಮಾಳಿಗೆ, ಅರ್ಥಾತ್ ಜನರ ಬಾಯಲ್ಲಿರುವ ‘ಸೆಲ್ಲಾರ್’.

ಯಂತ್ರದೋಣಿಗಳ ತಳದಲ್ಲಿ ಸೇರುವ ನೀರನ್ನು ಹೊರಹಾಕಲು ಒಂದು ಪುಟ್ಟ ಪಂಪು ಇರುತ್ತದೆ. ನೀರು ಏರಿದಾಗ ತೇಲುವ ಸ್ವಿಚ್ಚು ಮೇಲೆದ್ದು ಪಂಪನ್ನು ತಾನಾಗಿಯೇ ಚಾಲೂ ಮಾಡುತ್ತದೆ. ನೆಲಮಾಳಿಗೆಯ ಗುಂಡಿಯಲ್ಲಿ ಇರಿಸುವ ಪಂಪಿನ ತತ್ತ್ವವೂ ಇದೇ. ಆದರೆ ದೋಣಿಯಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್ ಬ್ಯಾಟರಿ. ಮನೆಯಲ್ಲಿರುವುದು 230 ವೋಲ್ಟ್. ಸೋರಿದ ವಿದ್ಯುತ್ತು ನಿಂತ ನೀರಿಗೆ ಇಳಿದರೆ ಅದರಲ್ಲಿ ಕಾಲಿಟ್ಟವರ ಜೀವಕ್ಕೇ ಅಪಾಯ.

ಆದುದರಿಂದ ಪಂಪಿನ ಸ್ವಿಚ್ಚು ಮತ್ತು ರಕ್ಷಣಾ ಸಾಧನಗಳನ್ನು ನೆಲಮಾಳಿಗೆಯ ಗೋಡೆಗೆ ಕೂಡಿಸದೆ, ನೆರೆಯ ನೀರು ಮುಟ್ಟದಷ್ಟು ಎತ್ತರದಲ್ಲಿ, ಮೇಲಂತಸ್ತಿನಲ್ಲಿ ಅಳವಡಿಸತಕ್ಕದ್ದು. ಮುಖ್ಯ ಫಲಕದಿಂದ ಪಂಪಿಗೆ ಪ್ರತ್ಯೇಕ ಮಾರ್ಗವಿರಬೇಕು. ಇಲ್ಲವಾದರೆ ಬೇರೊಂದು ದೀಪದ ದೋಷದಿಂದ ಪಂಪು ನಿಂತೀತು. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಮೋಟಾರಿನಲ್ಲಿ ವ್ಯಯವಾಗುವ ಶಕ್ತಿಯನ್ನೂ ಸೇರಿಸಿದರೆ ಇಂತಹ ಪಂಪು ಸುಮಾರು 6ರಿಂದ 7 ಆಂಪಿಯರ್ ಎಳೆಯುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಇದರ ಹಲವು ಪಟ್ಟು. ತಂತಿ ಮತ್ತು ಎಂ.ಸಿ.ಬಿ.ಯನ್ನು ಇದಕ್ಕನುಗುಣವಾಗಿ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರೇ ಆರಿಸುವುದು ಯುಕ್ತ. ಗುಂಡಿಯೊಳಗೆ ತಂತಿಯ ಜೋಡಣೆ ಇರಲೇಕೂಡದು. ಟೇಪು ಸುತ್ತಿದ ಜೋಡಣೆಯೊಳಗೆ ನೀರು ಇಂದಲ್ಲ ನಾಳೆ ನುಗ್ಗುತ್ತದೆ.

ಹಸಿರು ತಂತಿಯ ಭೂಸಂಪರ್ಕದ ಜೊತೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಅತ್ಯವಶ್ಯಕ. ಹೋದ ವಿದ್ಯುತ್ತು ಪೂರ್ಣವಾಗಿ ಮರಳದೆ ಎಲ್ಲಿಯಾದರೂ ಸೋರಿದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಮಳೆಯ ನಡುವೆ ಅದು ಪದೇ ಪದೇ ಬಿದ್ದರೆ, ಬೇಸತ್ತು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡುವವರುಂಟು. ಇದು ಅತ್ಯಂತ ಅಪಾಯಕರ. ಸೋರಿಕೆ ಇದೆಯೆಂದೇ ಆ ಸಾಧನ ತಿಳಿಸುತ್ತಿರುತ್ತದೆ. ನೀರು ತುಂಬಿದ ನೆಲಮಾಳಿಗೆಗೆ ಇಳಿಯುವ ಮೊದಲು ಮೇಲಿನಿಂದಲೇ ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು.

ಮುಂಗಾರಿಗೆ ಮುನ್ನ ಗುಂಡಿಗೆ ನೀರು ಸುರಿದು ತೇಲುಸ್ವಿಚ್ಚು ಏಳುವುದೇ ಎಂದು ನೋಡಬೇಕು; ಕಸ ಸಿಕ್ಕಿ ಅದು ಅಂಟಿಕೊಳ್ಳುವುದು ಸಾಮಾನ್ಯ. ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನೂ ಅಂದೇ ಒತ್ತಿ ನೋಡಬಹುದು.